ನಾನು ತೊಳೆದ ಕಂಬಳಿ

ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ನೆಟ್ಟಗಿರುವುದನ್ನು ಇನ್ನಷ್ಟು ನೆಟ್ಟಗೆ ಮಾಡುವ ಚಟ. ಸರಿಯಾಗಿ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು ಒಂದು ಭಾನುವಾರ ಬಿಚ್ಚಿ ಮತ್ತೆ ಜೋಡಿಸಿದಾಗ ಎರಡು ತಿರುಪು ಮಿಕ್ಕವು. ಅವು ಇವತ್ತಿಗೂ ಸಾಸಿವೆ ಡಬ್ಬಿಯಲ್ಲಿವೆ, ಗಡಿಯಾರ ಅಟ್ಟದ ಮೇಲಿದೆ. "ನಿಮ್ಮ ಕೈ ಕಟ್ಟಿಹಾಕೋಕೆ ಈ ಮಧುಗಿರೀಲಿ ಒಂದು ಹಗ್ಗ ಸಿಗಲ್ವಲ್ಲ" ಎಂದು ನನ್ನ ಹೆಂಡತಿ ಸೀತಮ್ಮ ಆಗಾಗ ಪೇಚಾಡುತ್ತಾಳೆ. ಇಂಥವನನ್ನು ತಾಲ್ಲೂಕಿನ ಕೈಗಾರಿಕೆಯ ಏಳಿಗೆಗೆ ಹಚ್ಚಿದರೆ ಏನಾಗಬೇಕೋ ಅದೇ ಆಯಿತು.

ಆಗ ಮೈಸೂರು ಸೀಮೆಯಲ್ಲೆಲ್ಲ ಕೈಗಾರಿಕೆಯದೇ ಮಾತು. ಬೆಂಗಳೂರಿನಿಂದ ಒಬ್ಬರು ಬಂದು, ಗೋಡೆಗೆ ಬಿಳಿ ಪಂಚೆ ಕಟ್ಟಿಸಿ, ಅದರ ಮೇಲೆ ಕಾರ್ಖಾನೆಗಳ ಚಿತ್ರ ಬಿಟ್ಟು ತೋರಿಸಿ ಹೋದ ಮೇಲಂತೂ ನಮ್ಮ ಕಡೆಯ ವಿದ್ಯಾವಂತರಿಗೆ ಕೂತಲ್ಲಿ ಕೂರಲಾಗದೆ ಹೋಯಿತು. ಕೊರಟಗೆರೆಯ ಮೇಷ್ಟರೊಬ್ಬರು ಕತ್ತಾಳೆ ನಾರಿನ ಟೋಪಿ ಮಾಡಿಸಿದರು. ಅದನ್ನು ಹಾಕಿಕೊಂಡವರೆಲ್ಲ ವಾರಗಟ್ಟಲೆ ತಲೆ ಕೆರೆದುಕೊಂಡರು. ಪಾವಗಡದಲ್ಲಿದ್ದ ನನ್ನ ಷಡ್ಡಕ ಹೊಂಗೆ ಎಣ್ಣೆಯಿಂದ ಸೋಪು ಮಾಡಲು ಹೊರಟ. ಎಷ್ಟು ಕುದಿಸಿದರೂ ಅದು ಗಟ್ಟಿಯಾಗಲಿಲ್ಲ. "ಇದಿ ಸೋಪು ಕಾದು ಬಾವಾ, ಪಾಯಸಂ" ಎಂದು, ಅದು ಸೋಪಲ್ಲ ಪಾಯಸವೆಂದು ತನ್ನ ತೆಲುಗಿನಲ್ಲಿ ಹೇಳಿ ತಾನೇ ನಕ್ಕು, ಒಂದು ಮಡಕೆಯ ತುಂಬ ನಮ್ಮ ಮನೆಗೂ ಕಳಿಸಿದ. ಅದರ ವಾಸನೆಗೆ ಹಿತ್ತಲಿನ ಬೆಕ್ಕು ಮನೆ ಬಿಟ್ಟಿತು. ಸೀತಮ್ಮ ಆ ಮಡಕೆಯನ್ನು ಬಚ್ಚಲಿನ ಮೂಲೆಗೆ ತಳ್ಳಿದಳು. ಓದುಗರು ದಯವಿಟ್ಟು ಅದನ್ನು ನೆನಪಿಟ್ಟುಕೊಂಡಿರಬೇಕು.

ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ನಮ್ಮ ತಾಲ್ಲೂಕಿನ ಕೈಕೆಲಸದ ಮಾದರಿಗಳನ್ನು ಸೇರಿಸಿ ಕಳಿಸುವ ಕೆಲಸ ಆ ವರ್ಷ ನನ್ನ ಪಾಲಿಗೆ ಬಂತು. ಅಲ್ಲಿ ಯಾವ ಊರಿನ ಕಂಬಳಿ ಮೆಚ್ಚುಗೆಯಾಗುತ್ತದೋ ಆ ಊರಿನಿಂದಲೇ ಕಾಡು ಕಾಯುವವರಿಗೆಲ್ಲ ಸರ್ಕಾರದವರು ಕಂಬಳಿ ತರಿಸುತ್ತಾರೆಂದು ಸುದ್ದಿಯಿತ್ತು. ಮಿಡಿಗೇಶಿಯಲ್ಲಿ ಕಂಬಳಿ ನೇಯುವ ಕರಿಯಪ್ಪನಿಗೆ ಹೇಳಿಕಳಿಸಿದೆ. ಅವನು ಒಂದು ಕರಿಯ ಕಂಬಳಿಯನ್ನು ಹೆಗಲ ಮೇಲೆ ಹೊತ್ತು ನಡೆದೇ ಬಂದು, ನಮ್ಮ ಜಗಲಿಯ ಮೇಲಿಟ್ಟು, ಬೆವರು ಒರೆಸಿಕೊಂಡ. "ಇದೊಂದು ಪಾಸಾದ್ರೆ ಮಗ್ಗ ಉಳೀತದೆ ಸ್ವಾಮೇರೆ. ಇಲ್ದಿದ್ರೆ ದೀಪಾವಳಿ ಕಳುದ್ಮೇಲೆ ನಾನೂ ಬೆಂಗ್ಳೂರು ಮಿಲ್ಲಿಗೆ ಹೋಗ್ಬೇಕು. ನನ್ ತಮ್ಮ ಆಗ್ಲೇ ಹೋಗವ್ನೆ. ಸಿರಾ ಸಂತೇಲಿ ಉಣ್ಣೆ ಎಲ್ಲಾ ಮಿಲ್ಲಿನೋರೇ ತಗಂಡೋಯ್ತಾರೆ. ಉಣ್ಣೆ ಹೋದ ದಾರೀಲೇ ನಾವೂ ಹೋಗದು, ಇನ್ನೇನು" ಎಂದ. "ನಾನಿದ್ದೀನಲ್ಲ ಕರಿಯಪ್ಪ, ನೀನು ನಿಶ್ಚಿಂತೆಯಾಗಿ ಹೋಗು" ಎಂದೆ. ನಾನಿದ್ದದ್ದೇ ಚಿಂತೆಯ ವಿಷಯವೆಂದು ಪಾಪ ಅವನಿಗೆ ಹೇಗೆ ಗೊತ್ತಾಗಬೇಕು?

ಮಾದರಿಗಳ ಪೆಟ್ಟಿಗೆ ಮೈಸೂರಿಗೆ ಹೊರಡಲು ಇನ್ನೆರಡು ದಿನವಿತ್ತು. ಆ ಎರಡು ದಿನ ಕಂಬಳಿಯನ್ನು ಮುಟ್ಟದೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಿಚ್ಚಿ ನೋಡಿದೆ. ಹಲಗೆಯ ಹಾಗೆ ಸೆಟೆದುಕೊಂಡಿತ್ತು, ಎಂಥದೋ ಹುಳಿ ಹುಳಿ ವಾಸನೆ ಬೇರೆ. ಮೈಸೂರಿನ ದೊಡ್ಡ ಮನುಷ್ಯರು ಇದರ ಹತ್ತಿರ ಬಗ್ಗಿ ಮೂಗು ಮುಚ್ಚಿಕೊಂಡರೆ ತಾಲ್ಲೂಕಿನ ಮಾನವೇನಾಗಬೇಕು ಎನ್ನಿಸಿತು. ಸೀತಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ಹಂಡೆಯ ತುಂಬ ನೀರು ಕಾಯಿಸಿದೆ. ಬಚ್ಚಲಿನ ಮೂಲೆಯಿಂದ ಷಡ್ಡಕನ ಪಾಯಸವನ್ನು ತೆಗೆದು ಧಾರಾಳವಾಗಿ ಸುರಿದು, ಪಂಚೆ ಎತ್ತಿ ಕಟ್ಟಿ, ಕಂಬಳಿಯನ್ನು ಚೆನ್ನಾಗಿ ತುಳಿದೆ. ಹೀಗೆ ಪಾವಗಡದ ಕೈಗಾರಿಕೆ ಮಿಡಿಗೇಶಿಯ ಕೈಗಾರಿಕೆಯನ್ನು ಮಧುಗಿರಿಯಲ್ಲಿ ತೊಳೆಯಿತು. ಹಿತ್ತಲಿನಲ್ಲಿ ಒಣಹಾಕಿ, ಗಳಿಗೆಗೊಮ್ಮೆ ಹೋಗಿ ನೋಡಿದೆ. ನೋಡಿದಾಗಲೆಲ್ಲ ಅದು ಒಂದಿಷ್ಟು ಚಿಕ್ಕದಾಗಿತ್ತು. ಕಣ್ಣಿನ ಭ್ರಮೆಯೆಂದು ಸಮಾಧಾನ ಹೇಳಿಕೊಂಡೆ.

ಸೀತಮ್ಮ ಬಂದವಳೇ, "ಇದೇನ್ರೀ, ಯಾರ ಮಗೂದು ಈ ತೊಟ್ಟಿಲ ಕಂಬಳಿ?" ಎಂದಳು. ವಿಷಯ ತಿಳಿದ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಳು. "ಹೊಸ ಕಂಬಳೀನ ಯಾರಾದ್ರೂ ತೊಳೀತಾರೇನ್ರೀ? ಅದೂ ಬಿಸಿನೀರಲ್ಲಿ? ಹುಣಸೆ ಬೀಜದ ಗಂಜಿ ಇದ್ರೆ ತಾನೆ ಅದು ಬಿಗಿಯಾಗಿ ನಿಂತು ಮಳೆ ತಡೆಯೋದು" ಎಂದಳು. ಮಧುಗಿರಿಯಲ್ಲಿ ಕುರಿ ಮೇಯಿಸುವ ಹುಡುಗರಿಗೂ ಗೊತ್ತಿರುವ ಈ ಸಂಗತಿ, ತಾಲ್ಲೂಕಿನ ಕೈಗಾರಿಕೆಯನ್ನು ಉದ್ಧಾರ ಮಾಡಲು ಹೊರಟವನಿಗೆ ಗೊತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೇ ಮಿಡಿಗೇಶಿಗೆ ಹೋದೆ. ಕಂಬಳಿಯನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದೆ, ಅದು ಈಗ ಅಲ್ಲಿ ಹಿಡಿಸುತ್ತಿತ್ತು. ಕರಿಯಪ್ಪ ಅದನ್ನು ಬಿಡಿಸಿ, ತಿರುಗಿಸಿ, ಬೆರಳಿನಿಂದ ಅಂಚನ್ನು ಸವರಿ ನೋಡಿದ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ನಂದೇ ತಪ್ಪು ಬುಡಿ ಸ್ವಾಮೇರೆ. ತೊಳೀಬ್ಯಾಡಿ ಅಂತ ಹೇಳ್ಬೇಕಾಗಿತ್ತು. ಯಾರಿಗೂ ಹೇಳಿ ಅಭ್ಯಾಸ ಇಲ್ಲ, ಅದುಕ್ಕೆ ಹೇಳ್ಲಿಲ್ಲ" ಎಂದ. ಇನ್ನೊಂದನ್ನು ನೇಯಲಾಗದೇ ಎಂದು ಕೇಳಿದೆ. "ಉಣ್ಣೆ ಎಲ್ಲೈತೆ? ಉಣ್ಣೆ ಇದ್ರೂ ಒಂದು ದಿನ್ದಾಗೆ ಹೆಂಗೆ ನೇಯಾನ?" ಎಂದು ಎದ್ದು, ನನಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟ. ಅದನ್ನು ಕುಡಿಯುವಾಗ ನನಗೆ ಆದಷ್ಟು ನಾಚಿಕೆ ಹುಟ್ಟಿದಾಗಿನಿಂದ ಯಾವತ್ತೂ ಆಗಿರಲಿಲ್ಲ.

ಪೆಟ್ಟಿಗೆ ಕಂಬಳಿಯಿಲ್ಲದೆ ಹೋಯಿತು. ದೀಪಾವಳಿ ಕಳೆದ ಮೇಲೆ ಕರಿಯಪ್ಪನೂ ಹೋದ. ನಾನು ಕಚೇರಿಯಲ್ಲಿ ವರದಿ ಬರೆಯಲು ಕೂತೆ. ತಾಲ್ಲೂಕಿನ ಕೈಗಾರಿಕೆಗೆ ಇರುವ ಅಡ್ಡಿಗಳೇನು ಎಂದು ಅದರಲ್ಲೊಂದು ಪ್ರಶ್ನೆಯಿತ್ತು. ಮಳೆ ಕಡಿಮೆ, ರೈಲಿಲ್ಲ, ಬಂಡವಾಳವಿಲ್ಲ ಎಂದು ಬರೆದು ಬೇಗ ಬೇಗ ಮಡಚಿಟ್ಟೆ.

ಮರುವರ್ಷದ ಚಳಿಗಾಲದಲ್ಲಿ ಕರಿಯಪ್ಪನ ತಮ್ಮ ಊರಿಗೆ ಬಂದವನು ನಮ್ಮ ಮನೆಯಲ್ಲಿ ಒಂದು ಗಂಟು ಕೊಟ್ಟುಹೋದ. ಒಳಗೆ ಮೆತ್ತನೆಯ ಮಿಲ್ ಕಂಬಳಿ, ಜೊತೆಗೆ ಯಾರ ಕೈಯಲ್ಲೋ ಬರೆಸಿದ ಚೀಟಿ: "ಸ್ವಾಮೇರಿಗೆ ಕರಿಯಪ್ಪ ಮಾಡುವ ನಮಸ್ಕಾರಗಳು. ಇದು ನಾನು ಕೆಲಸ ಮಾಡುವ ಮಿಲ್ಲಿನದು. ಇದನ್ನು ಎಷ್ಟು ಸಲ ಬೇಕಾದರೂ ತೊಳೆದುಕೊಳ್ಳಬಹುದು."

ಅದನ್ನು ಹೊದೆಯುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಧೂಳು ಹಿಡಿದಿದೆ, ಒಗೆದುಹಾಕಲೇ ಎಂದು ಸೀತಮ್ಮ ಕೇಳಿದರೆ ಬೇಡವೆನ್ನುತ್ತೇನೆ. ಜೀವಮಾನದಲ್ಲಿ ಇದೊಂದು ವಸ್ತುವನ್ನಾದರೂ ಇದ್ದ ಹಾಗೇ ಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿದ್ದೇನೆ. ಆದರೆ ನಿನ್ನೆಯಿಂದ ಅದರ ಅಂಚಿನಲ್ಲಿ ಒಂದು ಎಳೆ ಸ್ವಲ್ಪ ಮೇಲಕ್ಕೆದ್ದು ನಿಂತಿದೆ. ಕೈ ಕಟ್ಟಿಕೊಂಡು ಅದರ ಎದುರಿಗೇ ಕೂತಿದ್ದೇನೆ.