ಗೋವಿನಜೋಳದ ಚೀಲವನ್ನು ಯಾರು ನಂಬುತ್ತಾರೆ?

ನಾನು ಒಲೆಯ ಮೇಲೆ ಪಾತ್ರೆಯಿಟ್ಟು ಸೌಟು ಆಡಿಸಿದರೆ ಸಾಕು, ಯಾರಾದರೂ ಒಬ್ಬರಿಗೆ ನನ್ನ ಮೇಲೆ ಅನುಮಾನ ಬಂದೇ ಬರುತ್ತದೆ. ನಾನು ಬೈಲಹೊಂಗಲದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಗೋವಿನಜೋಳದ ಪಿಷ್ಟವನ್ನು ನೀರಿನಲ್ಲಿ ಕುದಿಸಿ, ತೆಳ್ಳಗೆ ಹರಡಿ ಒಣಗಿಸಿದರೆ ಮಣ್ಣಲ್ಲಿ ಕೊಳೆಯುವ ಹಾಳೆ ಸಿಗುತ್ತದೆ. ಅದರಿಂದ ಕೈಚೀಲ ಮಾಡಬೇಕೆಂಬುದು ನನ್ನ ಹಟ. ಸವದತ್ತಿಯಲ್ಲಿ ತೆಂಗಿನಕಾಯಿ ಮಾರುವ ಅಂಗಡಿಯವರೊಬ್ಬರು "ಕಾಯಿ ಭಾರ ತಡಕೊಂಡ್ರ ಚೀಲ ತಗೋತೇನ್ರಿ" ಎಂದು ಮಾತು ಕೊಟ್ಟಿದ್ದರು. ಅವರು ಒಪ್ಪಿದರೆ ಸಾಲಿನ ಉಳಿದ ಅಂಗಡಿಗಳೂ ಒಪ್ಪುತ್ತಿದ್ದವು. ಒಪ್ಪದಿದ್ದರೆ ನನ್ನ ಕೆಲಸವೆಲ್ಲ ಅಟ್ಟ ಸೇರುತ್ತಿತ್ತು.

ಮಾಳಿಗೆಯ ಮೇಲೆ

ಮೊದಲ ಹಾಳೆಗಳಿಗೆ ನಾನು ಬೇರೇನನ್ನೂ ಬೆರೆಸಿರಲಿಲ್ಲ. ಮಾಳಿಗೆಯ ಮೇಲೆ ಒಣಗಿದ ಮೇಲೆ ಮುಟ್ಟಿದರೆ ಪಟ್ಟನೆ ಮುರಿಯುತ್ತಿದ್ದವು. ನಮ್ಮ ಓಣಿಯಲ್ಲಿ ಹಪ್ಪಳ ಮಾಡುವ ದಿನ ಅಕ್ಕಪಕ್ಕದ ಹೆಣ್ಣುಮಕ್ಕಳನ್ನು ಕರೆಯಬೇಕು, ಹೋಗುವಾಗ ಕೈಗಿಷ್ಟು ಕೊಟ್ಟು ಕಳಿಸಬೇಕು. ನಾನು ಬಾಗಿಲು ಹಾಕಿಕೊಂಡು ಒಬ್ಬಳೇ ಮಾಡಿದ್ದು ಪಕ್ಕದ ಮನೆಯಾಕೆಗೆ ಸರಿಬರಲಿಲ್ಲ. ಮರುದಿನ ಒಂದು ಹಾಳೆ ಮಾಯವಾಗಿತ್ತು. ಸಂಜೆ ಆಕೆಯೇ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಿಮ್ಮ ಹಪ್ಪಳ ಎಣ್ಯಾಗ ಕರದು ನೋಡಿದ್ನಿರಿ ವೈನಿ. ಮಂದಿ ಪಾಲು ಕೇಳಬಾರದಂತ ಬೇಕಂತನ ಉಪ್ಪು ಹಾಕಿಲ್ಲ, ಹೌದಿಲ್ರಿ?"

ಬೇಸಿಗೆಯ ತುಟಿ

ಹಾಳೆ ಮುರಿಯದೆ ಬಾಗಬೇಕಾದರೆ ಗ್ಲಿಸರಿನ್ ಬೇಕು, ಚಳಿಗಾಲದಲ್ಲಿ ಒಡೆದ ತುಟಿಗೆ ಹಚ್ಚುತ್ತೇವಲ್ಲ, ಅದೇ. ಸುಡು ಬೇಸಿಗೆಯಲ್ಲಿ ಮೇಲಿಂದ ಮೇಲೆ ಮೆಡಿಕಲ್ ಅಂಗಡಿಗೆ ಹೋಗಿ ಬಾಟಲಿಗಟ್ಟಲೆ ತಂದೆ. ಅಂಗಡಿಯವ ಮೊದಮೊದಲು ಸುಮ್ಮನೆ ಕೊಟ್ಟ. ಆಮೇಲೆ ಬಾಟಲಿ ಕೈಯಲ್ಲೇ ಹಿಡಿದುಕೊಂಡು ಕೇಳಿದ.

"ಮೇಡಂರ, ಇಂಥಾ ಬಿಸಲಾಗ ನಿಮ್ಮ ಮನ್ಯಾಗ ಎಷ್ಟು ಮಂದಿದು ತುಟಿ ಒಡದಾವ್ರಿ?"

"ತುಟಿಗಲ್ರಿ, ಹಾಳಿಗಿ. ಹಾಳಿ ಮಿದು ಆಗಬೇಕು," ಎಂದೆ. ಆತ ಬಾಟಲಿ ಕೊಟ್ಟ. ಮರುದಿನ ನನ್ನ ಗಂಡನನ್ನು ಬಸ್ ಸ್ಟ್ಯಾಂಡಿನಲ್ಲಿ ಬದಿಗೆ ಕರೆದು, "ಸರ್, ಮೇಡಂ ಆರಾಮ ಅದಾರಿಲ್ರಿ?" ಎಂದು ಕೇಳಿದನಂತೆ.

ಕಾಯಿ ಬಿತ್ತು

ಹಾಳೆ ರೇಷ್ಮೆಯ ಹಾಗೆ ಮೆತ್ತಗಾಯಿತು. ಆ ಖುಷಿಯಲ್ಲಿ ಇನ್ನಷ್ಟು ಸುರಿದೆ. ಗ್ಲಿಸರಿನ್ ಹೆಚ್ಚಾದರೆ ಪಿಷ್ಟದ ಎಳೆಗಳ ಹಿಡಿತ ಸಡಿಲಾಗಿ ಹಾಳೆ ಜಗ್ಗುತ್ತದೆ, ಭಾರ ತಾಳುವುದಿಲ್ಲ. ಇದನ್ನು ಮಕ್ಕಳಿಗೆ ಕಲಿಸುವವಳೂ ನಾನೇ. ಆ ಹಾಳೆಯ ಚೀಲ ಮಾಡಿ ಸವದತ್ತಿಗೆ ಒಯ್ದೆ. ಅಂಗಡಿಯವರು ಅದಕ್ಕೆ ಕಾಯಿ ಹಾಕಿ ಎತ್ತಿದರು. ಚೀಲ ಉದ್ದವಾಯಿತು, ಇನ್ನೂ ಉದ್ದವಾಯಿತು, ಕೊನೆಗೆ ಕಾಯಿ ಸೀದಾ ಅವರ ಕಾಲಿನ ಮೇಲೆ ಬಿತ್ತು. ನನಗೆ ಅಳುವೇ ಬಂದಿತ್ತು. ಅವರು ಕಾಲು ಹಿಡಿದುಕೊಂಡೇ ಹೇಳಿದರು:

"ಪ್ಲಾಸ್ಟಿಕ್ ಅಲ್ಲ ಅಂದಿದ್ದು ಖರೇ ಐತ್ರಿ. ಪ್ಲಾಸ್ಟಿಕ್ ಆಗಿದ್ರ ನನ್ನ ಬೆರಳು ಉಳೀತಿತ್ತು."

ವಾಸನೆಯೂ ಬೆರಕೆ

ಗ್ಲಿಸರಿನ್ ಇಳಿಸಿದೆ. ಹಾಳೆಗೆ ಬಲ ಬರಲೆಂದು ಶುಚಿ ಮಾಡಿದ ಹತ್ತಿಯ ನಾರನ್ನು ನುಣ್ಣಗೆ ಪುಡಿಮಾಡಿ ಬೆರೆಸಿದೆ. ಪುಡಿ ಹೆಚ್ಚಾದಾಗ ಗಂಟು ಕಟ್ಟಿ, ಗಂಟು ಇದ್ದಲ್ಲೇ ಹರಿಯಿತು. ಹದ ಸಿಕ್ಕ ದಿನ ಮತ್ತೆ ಸವದತ್ತಿಗೆ ಓಡಿದೆ.

ಅಂಗಡಿಯವರು ಕಾಲು ದೂರ ಇಟ್ಟುಕೊಂಡು ಕಾಯಿ ಹಾಕಿದರು. ಚೀಲ ತಡೆಯಿತು. ಇನ್ನೊಂದು ಹಾಕಿ ಜಗ್ಗಾಡಿದರು, ಆಗಲೂ ತಡೆಯಿತು. ನಾನು ನಗುತ್ತಾ ನಿಂತೆ, ಅವರ ಮುಖ ಮಾತ್ರ ಸಣ್ಣದಾಗುತ್ತಾ ಹೋಯಿತು.

"ಇಷ್ಟು ಗಟ್ಟಿ ಅಂದ್ರ ಇದು ಪ್ಲಾಸ್ಟಿಕ್ಕ ಬಿಡ್ರಿ. ನಾಳೆ ಪುರಸಭೆಯವರು ದಂಡ ಹಾಕಾಕ ಬಂದ್ರ ನನ್ನ ಗತಿ?"

ಒಂದು ತುಂಡಿಗೆ ಕಡ್ಡಿ ಗೀರಿ ತೋರಿಸಿದೆ. ಅದು ಪ್ಲಾಸ್ಟಿಕ್ಕಿನಂತೆ ಕರಗಿ ತೊಟ್ಟಿಕ್ಕಲಿಲ್ಲ, ಸೀದ ರೊಟ್ಟಿಯ ವಾಸನೆ ಬಂತು. ಅವರು ಮೂಗು ಹತ್ತಿರ ತಂದು ನೋಡಿ, "ಅಬಬಬಾ! ಪ್ಲಾಸ್ಟಿಕ್ಕಿಗೆ ರೊಟ್ಟಿ ವಾಸನಿ ಸುದ್ದಾ ಹಾಕೀರಿ!" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಚೀಲದ ಮೂಲೆ ಹರಿದು ಬಾಯಿಗೆ ಹಾಕಿಕೊಂಡು, ಅವರ ಮುಖ ನೋಡುತ್ತಲೇ ಅಗಿದು ನುಂಗಿದೆ. ಗಿರಾಕಿಗಳು ಸುತ್ತ ನೆರೆದರು. ನಾನು ಬೀಳುತ್ತೇನೋ ಎಂದು ಎಲ್ಲರೂ ಕಾದರು. ಬೀಳಲಿಲ್ಲ.

"ಆತ್ರಿ, ನಂಬಿದ್ನಿ. ಚೀಲ ತಗೋತೇನಿ," ಎಂದರು ಅಂಗಡಿಯವರು. "ಆದ್ರ ನಂದೊಂದು ಕರಾರು. ನಾ ನಂಬಿದಂಗ ಗಿರಾಕಿ ನಂಬಬೇಕಲ್ರಿ? ಮಂಗಳವಾರ, ಶುಕ್ರವಾರ ಗದ್ದಲ ಭಾಳ. ಆ ದಿನ ನೀವು ಇಲ್ಲೇ ಕುರ್ಚಿ ಹಾಕ್ಕೊಂಡು ಕುಂತು, ಅನುಮಾನ ಪಟ್ಟವರ ಮುಂದ ಒಂದೊಂದು ತುಂಡು ತಿನ್ನಬೇಕು."

ಒಪ್ಪಿಕೊಂಡೆ. ಮನೆಗೆ ಬಂದು ಮುಂದಿನ ಪಾತ್ರೆ ಒಲೆಗಿಟ್ಟವಳು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಚಿಟಿಕೆ ಉಪ್ಪು ಹಾಕಿದೆ.