ಅವ್ವನ ಸಾರಿನ ಉಪ್ಪು

ಸಮುದ್ರವನ್ನು ನಾನು ಮೂರು ಸಲ ನೋಡಿದ್ದೇನೆ. ಅಕ್ಕ ಎರಡೇ ಸಲ ಅನ್ನುತ್ತಾಳೆ. ಅವಳೇ ಸರಿ ಇರಬಹುದು, ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ಆದರೂ ಬೆಟಗೇರಿಯ ಮನೆಯಲ್ಲಿ ಕೂತು ಸಮುದ್ರದ ಬಿಸಿ ಎಷ್ಟು, ಉಪ್ಪು ಎಷ್ಟು ಎಂದು ದಿನವೂ ಹೇಳುವುದೇ ನನ್ನ ಹೊಟ್ಟೆಪಾಡು. ಕಂಪ್ಯೂಟರಿನೊಳಗೊಂದು ಲೆಕ್ಕದ ಸಮುದ್ರವಿದೆ, ಅದು ಊಹೆ ಹೇಳುತ್ತದೆ. ನಿಜದ ಸಮುದ್ರದಲ್ಲಿ ತೇಲುವ ಯಂತ್ರಗಳು ಮುಳುಗಿ ಎದ್ದು ಅಳತೆ ಕಳಿಸುತ್ತವೆ. ಎರಡನ್ನೂ ಪೂರ್ತಿ ನಂಬದೆ, ಯಾರ ತಪ್ಪು ಎಷ್ಟಿರಬಹುದೆಂದು ತೂಗಿ, ನಡುವಿನ ಒಂದು ಅಂಕಿ ಹಿಡಿದು ಲೆಕ್ಕದ ಸಮುದ್ರವನ್ನು ತಿದ್ದಬೇಕು. ಅಳತೆ ಊಹೆಯಿಂದ ತೀರಾ ದೂರವಿದ್ದರೆ ಯಂತ್ರ ಕೆಟ್ಟಿದೆ ಎಂದು ಬದಿಗಿಡುತ್ತೇವೆ. ಹಳೆಯದಾದಂತೆ ಯಂತ್ರದ ಉಪ್ಪಿನ ಅಳತೆ ಮೆಲ್ಲಗೆ ಜಾರುವುದೂ ಉಂಟು. ಅನುಮಾನಕ್ಕೆ ಸಂಬಳ ಕೊಡುವ ಇಂಥ ಕೆಲಸ ನನ್ನಂಥವನಿಗೆ ಇನ್ನೆಲ್ಲಿ ಸಿಕ್ಕೀತು?

ಹೋದ ವರ್ಷ ಅವ್ವನ ಸಾರು ಉಪ್ಪಾಗತೊಡಗಿತು. "ಅವ್ವಾ, ಎರಡು ಸಲ ಹಾಕೀಯೇನು?" ಎಂದೆ. "ಇಲ್ಲೋ ಯಪ್ಪಾ, ದಿನಾ ಹಾಕೂವಷ್ಟ ಹಾಕೇನಿ" ಎಂದಳು. ಮರುದಿನವೂ ಅದೇ. ನನಗೆ ಕಾಯಿಲೆ ಗೊತ್ತಾಗಿಬಿಟ್ಟಿತು. "ವಯಸ್ಸಾದ ಮ್ಯಾಲೆ ಹಂಗ ಅವ್ವಾ, ಸಮುದ್ರದಾಗಿನ ಯಂತ್ರಕ್ಕೂ ತಪ್ಪಿದ್ದಲ್ಲ" ಎಂದು ತಿಳಿಹೇಳಿದೆ. "ಅವಕ್ಕೂ ಮೊಣಕಾಲು ನೋಯ್ತಾವೇನು ಪಾಪ?" ಎಂದು ನಕ್ಕಳು. ಆ ನಗು ಬಹಳ ದಿನ ಉಳಿಯಲಿಲ್ಲ. ಕಣ್ಣಳತೆಯಲ್ಲೇ ಓಣಿಯ ಮದುವೆಗಳಿಗೆ ಅಡುಗೆ ಮಾಡಿದವಳು, ಉಪ್ಪಿನ ಡಬ್ಬಿ ಹಿಡಿದು ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲತೊಡಗಿದಳು. "ಹಾಕೇನಿ ಏನೋ? ನೀ ನೋಡಿದಿ ಏನು?" ಒಂದು ದಿನ ಹಾಕಿಯೇ ಇರಲಿಲ್ಲ, ಇನ್ನೊಂದು ದಿನ ಎರಡು ಸಲ ಹಾಕಿದ್ದಳು. ಕಡೆಗೆ, "ನನ್ನ ಕೈ ಹದಾ ತಪ್ಪೇತಿ, ಸಾಕು ಬಿಡು" ಎಂದು ಸೌಟು ಕೆಳಗಿಟ್ಟಳು. ನಾನು ಖಾನಾವಳಿಯ ಡಬ್ಬಿ ಗೊತ್ತುಮಾಡಿದೆ. ಹೊರಗಿನ ಊಟವನ್ನು ಜೀವಮಾನವಿಡೀ ಬೈದವಳು ಒಂದು ಮಾತೂ ಆಡದೆ ಉಂಡಳು. ದೀಪಾವಳಿ ಕಳೆದು ತೀರಿಕೊಂಡಳು.

ಮುಳಗುಂದದಿಂದ ಬಂದ ಅಕ್ಕ, ಅವ್ವನ ದಿನಕರ್ಮ ಮುಗಿದ ಮೇಲೆ ಒಲೆ ಹಚ್ಚಿ ಸಾರು ಮಾಡಿದಳು. ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಎದ್ದು ಹೋಗಿ ನಳದ ನೀರನ್ನೇ ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ ಉಗುಳಿದಳು. "ಲೇ ತಮ್ಮಾ, ಅಡಗಿಮನಿಗೆ ಯಾವ ನೀರು ಬಿಟ್ಟೀಯೋ? ಸವಳ ಸವಳ, ಬರೇ ಉಪ್ಪ ಐತಿ!"

ಕುಡಿಯಲು ನಮ್ಮಲ್ಲಿ ಕ್ಯಾನಿನ ನೀರು; ಅಡುಗೆಗೆ ಮಾತ್ರ ನಳದ್ದು. ನಳ ಜೋಡಿಸಿದವನಿಗೆ ಫೋನು ಹಚ್ಚಿದೆ. "ನೀವ ಹೇಳಿದ್ರೆಲ್ರೀ ಸರ, ಹೊಳಿ ನೀರು ವಾರಗಟ್ಟಲೆ ಬರಂಗಿಲ್ಲ, ಬೋರಿಗೆ ಜೋಡಿಸಿಬಿಡು ಅಂತ. ಹ್ವಾದ ಬ್ಯಾಸಗಿಗೆ." ನನಗೆ ಒಂದಿಷ್ಟೂ ನೆನಪಾಗಲಿಲ್ಲ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದುಕೊಳ್ಳಲು ಪ್ರಯತ್ನಿಸಿದೆ; ನನ್ನ ಮಾತನ್ನು ನನ್ನದೇ ಧಾಟಿಯಲ್ಲಿ ಅಷ್ಟು ಚೆನ್ನಾಗಿ ಒಪ್ಪಿಸಬಲ್ಲವನು ಸುಳ್ಳು ಹೇಳುತ್ತಿರಲಾರ.

ಅಕ್ಕ ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಹೇಳಿದಳು: "ಅವ್ವ ಫೋನಿನ್ಯಾಗ ಒಮ್ಮೆ ಅಂದಿದ್ಲು. 'ನೀರ ಬದಲಾದಂಗ ಅನಸ್ತೈತಿ ನನಗ. ಆದ್ರ ನಿನ್ನ ತಮ್ಮ ಸಮುದ್ರದ ಉಪ್ಪು ನೋಡಾಂವ, ಹಂಗಿದ್ರ ಅವಗ ತಿಳೀತಿರಲಿಲ್ಲೇನು? ನನ್ನ ನಾಲಿಗೀನ ಕೆಟ್ಟೈತಿ' ಅಂತ."

ಅಕ್ಕನಿಗೆ ಹೇಳಿದವಳು ನನಗೂ ಹೇಳಿರಬೇಕು, ಒಂದೇ ಮನೆಯಲ್ಲಿದ್ದೆವಲ್ಲ. ಹೇಳಿದ್ದು ನೆನಪಿಲ್ಲ. ನಾನು ಕೊಟ್ಟ ಉತ್ತರವೂ ನೆನಪಿಲ್ಲ. ಆದರೆ ಅದೇನಿತ್ತೆಂದು ಊಹಿಸಬಲ್ಲೆ. ಈ ಒಂದು ಊಹೆಯ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.