ವಾಕಡದ ಕಡಲಹುಲ್ಲು

ಪ್ರಯೋಗಾಲಯದ ಗಾಜಿನ ತೊಟ್ಟಿಗೆ ಬಿರುಕು ಬಿಡಲು ಗಣೇಶ ಚೌತಿಯ ಮರುದಿನವೇ ಆಗಬೇಕಿತ್ತೆ? ಅದರಲ್ಲಿ ಸಸ್ಯವಿಜ್ಞಾನಿ ಪ್ರೇಮಕುಮಾರ ಬೀಜದಿಂದ ಬೆಳೆಸಿದ ಕಡಲಹುಲ್ಲಿನ ಸಸಿಗಳಿದ್ದವು. ಸಮುದ್ರವೇ ಇಲ್ಲದ ಪುಣೆಯಲ್ಲಿ ಉಪ್ಪುನೀರು ಕಲಸಿ ಕಲಸಿ ಅವನ್ನು ಸಾಕಿದ್ದ. ಅಂದು ಸಂಜೆ ನಾನಾ ದೇಶಗಳ ಕಡಲಹುಲ್ಲು ವಿಜ್ಞಾನಿಗಳು ವಿಡಿಯೋ ಕರೆಯಲ್ಲಿ ಅವನ್ನು ನೋಡುವವರಿದ್ದರು. ಮೆಚ್ಚಿದರೆ, ಬರಿದಾದ ಕಡಲತಳದಲ್ಲಿ ಹುಲ್ಲು ನೆಡುವ ತಂಡಕ್ಕೆ ಅವನನ್ನೂ ಸೇರಿಸಿಕೊಳ್ಳುತ್ತಿದ್ದರು. ಪಾಪ, ಅವನಿಗೆ ಬೇಕಾದದ್ದು ಅಷ್ಟೇ.

ಹಬ್ಬಕ್ಕೆ ಎಲ್ಲ ಅಂಗಡಿಗಳೂ ಬಂದ್. ಬೇರೆ ತೊಟ್ಟಿ ಸಿಗದೆ, ಸಸಿಗಳನ್ನು ದೊಡ್ಡ ನೀಲಿ ಟಬ್ಬಿಗೆ ಹಾಕಿಸಿ ನಗರದಂಚಿನ ವಾಕಡದಲ್ಲಿದ್ದ ತನ್ನ ಅಪಾರ್ಟ್‌ಮೆಂಟ್ ಸೊಸೈಟಿಗೆ ತಂದ. ಟಬ್ಬು ಲಿಫ್ಟಿನಲ್ಲಿ ಹಿಡಿಸಲಿಲ್ಲ. ಪಾರ್ಕಿಂಗಿನಲ್ಲೇ ಇಟ್ಟು ಊಟಕ್ಕೆ ಹೋದ.

ಸಂಜೆ ಕೆಳಗಿಳಿದಾಗ ಸೊಸೈಟಿಯ ಸೆಕ್ರೆಟರಿ ಈರಣ್ಣ ಗಣಪತಿ ಹಿಡಿದು ಟಬ್ಬಿನ ಮುಂದೆ ನಿಂತಿದ್ದರು. ಹಿಂದೆ ಆರತಿ ತಟ್ಟೆಗಳ ಸಾಲು.

“ಭಾಳ ಚಲೋ ಮಾಡಿದ್ರಿ ಸರ! ಹೊಳ್ಯಾಗ ಗಣಪತಿ ಬಿಡಬ್ಯಾಡ್ರಿ, ಟಬ್ಬಿನ್ಯಾಗ ಬಿಡ್ರಿ ಅಂತ ಹ್ವಾದ ವರ್ಷ ಹೇಳಿದ್ರಿ. ಈ ಸಲ ಟಬ್ಬೂ ನೀವ ತಂದು, ಒಳಗ ಗಣಪ್ಪಗ ಏರಸೂ ಕರಕೀನೂ ಹಾಕೀರಿ!”

ಪ್ರೇಮಕುಮಾರ ಕಾವಿಗೆ ಕೂತ ಕೋಳಿಯಂತೆ ಟಬ್ಬಿನ ಮೇಲೆ ಕೈ ಅಗಲಿಸಿ ನಿಂತ. “ಇದು ಕರಕಿ ಅಲ್ರೀ ಈರಣ್ಣಾರ! ಕಡಲಹುಲ್ಲು! ಗಣಪತಿ ಮಣ್ಣು ಕರಗಿದ್ರ ಬೆಳಕು ಸಿಗದ ಸಾಯ್ತದ್ರಿ!”

ಆಮೇಲೆ ಬಾಯಿ ನಿಲ್ಲಲಿಲ್ಲ. ಮೀನಿನ ಮರಿಗಳಿಗೆ ಈ ಹುಲ್ಲೇ ತೊಟ್ಟಿಲು, ದಂಡೆ ಕೊಚ್ಚಿಹೋಗದಂತೆ ಹಿಡಿದಿಡುವುದು ಇದರ ಬೇರು, ಲೋಕದ ಕಡಲುಗಳಲ್ಲೆಲ್ಲ ಇದು ಕಡಿಮೆಯಾಗುತ್ತಿದೆ ಎಂದು ಹೇಳುತ್ತಲೇ ಹೋದ. ಪಕ್ಕದ ಮನೆಯ ಅನ್ನಪೂರ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇಂಥಾ ಪುಣ್ಯದ ಹುಲ್ಲು ಸಾಯಾಕ ಬಿಡ್ತೇವೇನು ತಮ್ಮಾ? ನೀ ಹೋಗಿ ಕಂಪ್ಯೂಟರ್ ತಗೊಂಡು ಬಾ. ಹುಲ್ಲಿಗೆ ನಾವು ಅದೇವಿ.”

ಅವನ ಎದೆ ತುಂಬಿ ಬಂತು. ಲ್ಯಾಪ್‌ಟಾಪ್ ತರಲು ಹೋದ. ನೆಟ್ ಸರಿಹೋಗುವಷ್ಟರಲ್ಲಿ ಕೆಳಗಿನಿಂದ “ಗಣಪತಿ ಬಪ್ಪಾ ಮೋರಯಾ!” ಎಂಬ ಕೂಗು ಕೇಳಿತು. ಲ್ಯಾಪ್‌ಟಾಪ್ ಹಿಡಿದೇ ಓಡಿ ಬಂದು ನೋಡಿದರೆ ಟಬ್ಬಿನ ತುಂಬ ಗಣಪತಿಗಳು, ಹುಲ್ಲಿನ ಸುಳಿವೇ ಇಲ್ಲ.

“ಗಾಬರಿ ಆಗಬ್ಯಾಡ್ರಿ,” ಎಂದರು ಈರಣ್ಣ. “ಮದಲ ಹುಲ್ಲೆಲ್ಲಾ ಹುಷಾರಾಗಿ ತಗದು ಮನಿಮನಿಗೆ ಹಂಚೇವಿ. ನಿಮ್ಮ ಮಾತು ಕೇಳಿ ಎಲ್ಲಾರೂ ಜ್ವಾಪಾನ ಮಾಡ್ತೀವಿ ಅಂದ್ರು.”

ಅನ್ನಪೂರ್ಣಮ್ಮ ತಮ್ಮ ಕುಂಡ ತೋರಿಸಿದರು. ಕೆಂಪು ಮಣ್ಣು, ಸಗಣಿ ಗೊಬ್ಬರ, ನಡುವೆ ಜೋತುಬಿದ್ದ ಕಡಲಹುಲ್ಲು. “ನಳದ ನೀರಾಗ ಉಪ್ಪೆಲ್ಲಾ ಹೋಗೂ ಹಂಗ ತಿಕ್ಕಿ ತೊಳದೆ ತಮ್ಮಾ. ಪಾಪ, ಎಷ್ಟು ದಿನದಿಂದ ಉಪ್ಪುನೀರು ಕುಡೀತಿತ್ತೋ!”

ಅವನು ಕುಂಡಕ್ಕೆ ಕೈ ಹಾಕಿದ. ಅಷ್ಟರಲ್ಲಿ ಕರೆ ಬಂತು. ಪರದೆಯ ತುಂಬ ವಿಜ್ಞಾನಿಗಳು. ಇವನ ಹಿಂದೆ ಕುಂಡ ಹಿಡಿದ ಇಡೀ ಸೊಸೈಟಿ. ನಡೆದದ್ದನ್ನೆಲ್ಲ ಹೇಳಿ ತಲೆ ತಗ್ಗಿಸಿದ.

ವಿಜ್ಞಾನಿಗಳ ಮುಖ್ಯಸ್ಥೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಡಲ ದಂಡೆಯ ಜನರೇ ನಮ್ಮ ಮಾತು ಕೇಳುವುದಿಲ್ಲ, ನೀವು ಒಂದೇ ಮಾತಿಗೆ ಇಷ್ಟು ಮನೆಗಳನ್ನು ಒಲಿಸಿದಿರಿ, ನೆಡುವ ಕೆಲಸ ಯಾರಾದರೂ ಮಾಡಿಯಾರು, ನೀವು ಊರೂರು ತಿರುಗಿ ಭಾಷಣ ಮಾಡಿ ಎಂದರು. ಎಲ್ಲರೂ ಕೈಯೆತ್ತಿ ಒಪ್ಪಿದರು. ಪ್ರೇಮಕುಮಾರನ ಪಾಲಿನ ಕಡಲು ಅಲ್ಲಿಗೆ ಮುಗಿಯಿತು.

“ಏನಂದ್ರು ಸರ?” ಎಂದರು ಈರಣ್ಣ.

“ಮಂದಿಗೆ ತಿಳಿಸಿ ಹೇಳೂ ಕೆಲಸ ಕೊಟ್ಟಾರ್ರಿ.”

ಈರಣ್ಣ ಅವನ ಬೆನ್ನು ತಟ್ಟಿದರು. “ನೋಡ್ರಿ ಮತ್ತ! ನಾವು ಹುಲ್ಲು ಕೀಳದಿದ್ರ ನಿಮಗ ಈ ಕೆಲಸ ಸಿಗತಿತ್ತೇನು?”